ಫೈಫಾಕ್ಸ್ ಆಪ್: ಉಯ್ಯಾಲೆ, ಡೊಳ್ಳು, ಆಗುಂಬೆ ಘಾಟಿ ಮತ್ತು ಒಂದಿಷ್ಟು ಫಿಸಿಕ್ಸ್

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಹೈಸ್ಕೂಲ್ ಮಕ್ಕಳಿಗೆ ಫಿಸಿಕ್ಸ್ ರುಚಿ ಹತ್ತಿಸಬೇಕು ಅಂತ ಒದ್ದಾಡುತ್ತಿರುವ ಮೇಷ್ಟ್ರು, ಟೀಚರು, ಅಪ್ಪ, ಅಮ್ಮ ಯಾರೇ ಇರಲಿ, ಫೋನನ್ನೇ ಅಳತೆಯ ಉಪಕರಣ ಮಾಡಿಬಿಡುವ ಈ ಫೈಫಾಕ್ಸ್ ಆಪ್ ಹಾಕಿಕೊಳ್ಳಿ. ಆದರೆ ಹಾಕಿಕೊಂಡು ಮಕ್ಕಳ ಕೈಗೆ ಫೋನ್ ಕೊಟ್ಟು ಸುಮ್ನೆ ಕೂತುಬಿಡಬೇಡಿ. ಹಾಗೆ ಕೊಟ್ಟರೆ ಸ್ವಲ್ಪ ಹೊತ್ತು ಫೋನ್ ಅಲ್ಲಾಡಿಸಿ ಗೆರೆ ಕುಣಿಸುತ್ತಾರೆ, ಆಮೇಲೆ ರೀಲ್ಸ್ ತೆಗೆಯುತ್ತಾರೆ. ಆಪ್ ಚೆನ್ನಾಗಿದೆ. ಅದನ್ನು ಇಟ್ಟುಕೊಂಡು ನಾವು ಏನು ಮಾಡಿಸುತ್ತೇವೆ ಅನ್ನೋದೇ ಮುಖ್ಯ, ಹಾಗಾಗಿ ಈ ರಿವ್ಯೂ ಅರ್ಧ ಆಪ್ ಬಗ್ಗೆ, ಇನ್ನರ್ಧ ಅದರ ಸುತ್ತ ಮಾಡುವ ಚಟುವಟಿಕೆಗಳ ಬಗ್ಗೆ.

ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. ನಮ್ಮ ಲ್ಯಾಬ್ ಅಂದರೆ ಒಂದು ಬೀರು. ಅದರಲ್ಲಿ ಒಂದಿಷ್ಟು ಮಸೂರ, ಸ್ಪ್ರಿಂಗ್ ತ್ರಾಸು, ಕೆಟ್ಟುಹೋದ ಅಮ್ಮೀಟರ್. ನಿಮ್ಮ ಶಾಲೆಯದೂ ಹೆಚ್ಚುಕಮ್ಮಿ ಇದೇ ಕಥೆ ಇರಬಹುದು ಅಲ್ವಾ?

ಈ ಆಪ್ ಮಾಡಿದವರು ಜರ್ಮನಿಯ ಆಖೆನ್ ಊರಿನ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದ ಫಿಸಿಕ್ಸ್ ವಿಭಾಗದವರು. ಹೊರಗೆ ಬಂದದ್ದು 2016ರಲ್ಲಿ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಸಿಗುತ್ತದೆ. ದುಡ್ಡು ಇಲ್ಲ, ಜಾಹೀರಾತು ಇಲ್ಲ, ಅಕೌಂಟ್ ಮಾಡು, ಒಟಿಪಿ ಕೊಡು ಅನ್ನುವ ಕಾಟ ಇಲ್ಲ. ಅದರ ಕೋಡ್ ಕೂಡ ಯಾರು ಬೇಕಾದರೂ ನೋಡುವ ಹಾಗೆ ತೆರೆದಿಟ್ಟಿದ್ದಾರೆ. ಕೆಲಸ ಮಾಡೋದು ಹೇಗೆ ಅಂದರೆ, ನಮ್ಮ ಫೋನಿನ ಒಳಗೆ ಆಗಲೇ ಸುಮಾರು ಸೆನ್ಸರ್‌ಗಳು ಇವೆ. ಫೋನ್ ಅಡ್ಡ ಮಾಡಿದಾಗ ಸ್ಕ್ರೀನ್ ತಿರುಗುತ್ತದಲ್ಲ, ಅದಕ್ಕೆ ಒಂದು. ಮ್ಯಾಪಿನಲ್ಲಿ ದಿಕ್ಕು ತೋರಿಸೋಕೆ ಒಂದು. ಬಿಸಿಲಿಗೆ ಹೋದರೆ ಸ್ಕ್ರೀನ್ ಬೆಳಕು ತಾನಾಗಿ ಜಾಸ್ತಿಯಾಗೋಕೆ ಇನ್ನೊಂದು. ಮೈಕ್ ಅಂತೂ ಇದ್ದೇ ಇದೆ. ಇವೆಲ್ಲ ಒಳಗೊಳಗೇ ಅಳೆಯುತ್ತಿರುವ ಅಂಕಿಗಳನ್ನು ಈ ಆಪ್ ಹೊರಗೆ ತೆಗೆದು ಗ್ರಾಫ್ ಮಾಡಿ ತೋರಿಸುತ್ತದೆ, ಬೇಕಾದರೆ ಎಕ್ಸೆಲ್ ಫೈಲ್ ಮಾಡಿಯೂ ಕೊಡುತ್ತದೆ. ಇಷ್ಟೇ. ಆದರೆ ಇಷ್ಟರಲ್ಲೇ ಒಂದು ವರ್ಷಕ್ಕಾಗುವಷ್ಟು ಕೆಲಸ ಇದೆ.

ಶುರು ಮಾಡೋಕೆ ಉಯ್ಯಾಲೆಗಿಂತ ಒಳ್ಳೆಯ ಜಾಗ ಇಲ್ಲ. ಸರಳ ಲೋಲಕದ ಪಾಠವನ್ನು ಬೋರ್ಡ್ ಮೇಲೆ ನಾವೆಲ್ಲ ಮಾಡಿದ್ದೇವೆ: ದಾರ, ಗುಂಡು, ಸ್ಟಾಪ್‌ವಾಚ್, ಇಪ್ಪತ್ತು ತೂಗಾಟ ಎಣಿಸು, ಭಾಗಿಸು. ಮಕ್ಕಳಿಗೆ ಆ ಗುಂಡಿನ ಜೊತೆ ಏನೂ ಸಂಬಂಧ ಇಲ್ಲ. ಅದೇ ಹಲಸಿನ ಮರಕ್ಕೆ ಕಟ್ಟಿದ ಉಯ್ಯಾಲೆಯಲ್ಲಿ ಫೋನನ್ನು ಜಿಪ್ ಇರುವ ಜೇಬಿಗೆ ಹಾಕಿಕೊಂಡು ಕೂತರೆ ಲೋಲಕ ಅವರೇ! ಆಪ್‌ನಲ್ಲಿ ಲೋಲಕದ ಪ್ರಯೋಗ ಅಂತ ಒಂದು ಇದೆ, ಅದನ್ನು ಒತ್ತಿದರೆ ಒಂದು ಸಲ ಹೋಗಿ ಬರೋಕೆ ಎಷ್ಟು ಸೆಕೆಂಡ್ ಅಂತ ತೋರಿಸುತ್ತದೆ. ಇಲ್ಲಿ ನಾನು ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ. ಬಟನ್ ಒತ್ತುವ ಮೊದಲು ಎಲ್ಲರೂ ನೋಟ್‌ಬುಕ್ಕಿನಲ್ಲಿ ಊಹೆ ಬರೆಯಬೇಕು. ದಪ್ಪಗಿರುವವನು ಬೇಗ ತೂಗುತ್ತಾನಾ, ಸಣ್ಣಗಿರುವವನಾ? ಕೂತರೆ ಬೇಗವಾ, ನಿಂತರೆ ಬೇಗವಾ? ಜೋರಾಗಿ ಜೀಕಿದರೆ ಏನಾಗುತ್ತದೆ?

ದಪ್ಪಗಿರುವವನು ಜಾಸ್ತಿ ಬೇಗ ತೂಗುತ್ತಾನೆ ಅಂತ ಮುಕ್ಕಾಲು ಕ್ಲಾಸ್ ಬರೆಯುತ್ತದೆ. ಫೋನ್ ನೋಡಿದರೆ ಹೆಚ್ಚುಕಮ್ಮಿ ಒಂದೇ ಸಮಯ. ಆಮೇಲೆ ಉಯ್ಯಾಲೆ ಮೇಲೆ ನಿಂತು ಜೀಕಿದಾಗ ಸಮಯ ಕಡಿಮೆ ಆಗುತ್ತದೆ. ಹಗ್ಗ ಅಷ್ಟೇ ಉದ್ದ ಇದೆ, ಮತ್ತೆ ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಗರೇ ಜಗಳ ಆಡಿ ಕಂಡುಕೊಳ್ಳುತ್ತಾರೆ: ನಿಂತರೆ ಮೈಯ ಭಾರದ ನಡುಬಿಂದು ಮೇಲಕ್ಕೆ ಹೋಗುತ್ತದೆ, ಅಂದರೆ ಲೋಲಕದ ಉದ್ದ ಕಡಿಮೆ ಆದ ಹಾಗೆ. ಮೂರು ಮೀಟರ್ ಹಗ್ಗದ ಉಯ್ಯಾಲೆಯಲ್ಲಿ ಕೂತಾಗ ಹತ್ತಿರ ಹತ್ತಿರ 3.3 ಸೆಕೆಂಡ್ ಬಂದರೆ, ನಿಂತಾಗ ಮೂರು ಸೆಕೆಂಡಿಗಿಂತ ಕೆಳಗೆ ಬರಬಹುದು. ಈ ವ್ಯತ್ಯಾಸ ಬರಿ ಕಣ್ಣಿಗೆ ಗೊತ್ತಾಗೋದು ಕಷ್ಟ, ಫೋನಿಗೆ ಸಲೀಸು. ಇದೇ ಪ್ರಯೋಗದಲ್ಲಿ ಉದ್ದ ಕೊಟ್ಟರೆ ಗುರುತ್ವದ ಬೆಲೆಯನ್ನೂ ಲೆಕ್ಕ ಹಾಕಿ ಕೊಡುತ್ತದೆ. ಅದಕ್ಕೆ ಉಯ್ಯಾಲೆ ಬೇಡ, ಫೋನನ್ನು ಬಟ್ಟೆ ಚೀಲದಲ್ಲಿ ಹಾಕಿ ಕಿಟಕಿ ಸರಳಿಗೆ ಒಂದು ಮೀಟರ್ ಕೆಳಗೆ ನೇತುಹಾಕಿ. ಎರಡು ಸೆಕೆಂಡ್ ಆಸುಪಾಸು ಬರುತ್ತದೆ. ನಮ್ಮ ಕಡೆ ಗುರುತ್ವ ಸುಮಾರು 9.78. ಮಕ್ಕಳಿಗೆ ಒಂದು ಗುಂಪಿನಲ್ಲಿ 9.6, ಇನ್ನೊಂದರಲ್ಲಿ 9.9 ಬಂತು ಅನ್ನಿ, ಅಲ್ಲೇ ನಿಜವಾದ ಪಾಠ ಶುರು. ಉದ್ದವನ್ನು ಚೀಲದ ಬಾಯಿವರೆಗೆ ಅಳೆದಿರಾ, ಫೋನಿನ ನಡುವಿನವರೆಗೆ ಅಳೆದಿರಾ? ಎರಡು ಸೆಂಟಿಮೀಟರ್ ತಪ್ಪಿದರೆ ಉತ್ತರ ನೂರಕ್ಕೆ ಎರಡು ಪಾಲು ತಪ್ಪುತ್ತದೆ. ಪುಸ್ತಕದಲ್ಲಿ ಗುರುತ್ವದ ಬೆಲೆ ಅಚ್ಚಾಗಿ ಬಂದಿರುತ್ತದೆ, ಇಲ್ಲಿ ಅದನ್ನು ಕಾಡಿ ಬೇಡಿ ಹೊರಗೆ ತೆಗೆಯಬೇಕು. ನನಗೆ ಇದೇ ಇಷ್ಟ.

ಈಗ ಶಬ್ದ. ನನ್ನ ಪ್ರಕಾರ ಇಡೀ ಆಪ್‌ನಲ್ಲಿ ಅತ್ಯಂತ ಗಟ್ಟಿ ಭಾಗ ಇದೇ, ಯಾಕೆಂದರೆ ಮೈಕ್ ಇಲ್ಲದ ಫೋನ್ ಇಲ್ಲ. ಎಷ್ಟು ಅಗ್ಗದ ಫೋನ್ ಆದರೂ ನಡೆಯುತ್ತದೆ.

ಫೆಬ್ರುವರಿ 28 ಬಂತು ಅಂದರೆ ಎಲ್ಲ ಶಾಲೆಗಳಲ್ಲೂ ವಿಜ್ಞಾನ ದಿನ. ರಾಮನ್ ಫೋಟೋಗೆ ಹಾರ, ಒಂದು ಭಾಷಣ, ಒಂದು ಕ್ವಿಜ್, ಥರ್ಮಾಕೋಲ್ ಮಾಡೆಲ್. ರಾಮನ್ ಪರಿಣಾಮ ಅಂದರೆ ಏನು ಅಂತ ಎಂಟನೇ ಕ್ಲಾಸಿನ ಮಗುವಿಗೆ ಬಾಯಿಪಾಠ ಮಾಡಿಸಿ ಏನು ಸಿಗುತ್ತದೋ ನನಗಂತೂ ಗೊತ್ತಾಗಿಲ್ಲ. ಅದೇ ರಾಮನ್ ಮೃದಂಗ, ತಬಲಾದ ಮೇಲೂ ಕೆಲಸ ಮಾಡಿದ್ದರು ಅನ್ನೋದನ್ನು ಯಾಕೆ ಯಾರೂ ಹೇಳೋದಿಲ್ಲ? ಕಲ್ಕತ್ತದಲ್ಲಿದ್ದಾಗ, 1920ರಲ್ಲಿ, ಶಿವಕಾಳಿ ಕುಮಾರ್ ಅನ್ನುವವರ ಜೊತೆ ಸೇರಿ ನೇಚರ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೂ ಬಿಡಲಿಲ್ಲ, 1934ರಲ್ಲಿ ಇನ್ನೂ ವಿವರವಾಗಿ ಬರೆದರು. ವಿಷಯ ಇಷ್ಟು: ಬರಿ ಚರ್ಮ ಬಿಗಿದು ಬಾರಿಸಿದರೆ ಒಂದು ಮೂಲ ಸ್ವರದ ಜೊತೆ ಬೇರೆ ಸ್ವರಗಳೂ ಹುಟ್ಟುತ್ತವೆ, ಅವು ಮೂಲದ 1.59 ಪಟ್ಟು, 2.14 ಪಟ್ಟು ಹೀಗೆ ಅಡ್ಡಾದಿಡ್ಡಿ ಇರುತ್ತವೆ. ಅದಕ್ಕೇ ಸಾದಾ ಚರ್ಮವಾದ್ಯಕ್ಕೆ ಗದ್ದಲ ಇದೆ, ಶ್ರುತಿ ಇಲ್ಲ. ಮೃದಂಗದ ಬಲಗಡೆ ಮುಖದಲ್ಲಿ ನಡುವೆ ಕಪ್ಪು ಕರಣೆ ಹಾಕುತ್ತಾರಲ್ಲ, ಆ ಭಾರದಿಂದ ಸ್ವರಗಳೆಲ್ಲ ಸರಿದು ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಅಂತ ಸಾಲಾಗಿ ನಿಲ್ಲುತ್ತವೆ. ಯಾವ ಕಾಲದ ಕುಶಲಕರ್ಮಿಗಳೋ ಕಿವಿಯಿಂದಲೇ ಕಂಡುಕೊಂಡ ಉಪಾಯ ಅದು.

ಇದನ್ನು ಫೈಫಾಕ್ಸ್‌ನಲ್ಲಿ ಕಣ್ಣಾರೆ ನೋಡಬಹುದು. ಆಡಿಯೋ ಸ್ಪೆಕ್ಟ್ರಮ್ ಅನ್ನೋ ಪ್ರಯೋಗ ತೆರೆದು, ಮೃದಂಗ ಕಲಿಯುವ ಹುಡುಗನಿಗೆ ಒಂದು ಏಟು ಬಾರಿಸೋಕೆ ಹೇಳಿ. ಶಬ್ದದ ಒಳಗೆ ಯಾವ ಯಾವ ಆವೃತ್ತಿ (ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವ ಲೆಕ್ಕ) ಎಷ್ಟೆಷ್ಟು ಇದೆ ಅಂತ ಚೂಪು ಚೂಪಾಗಿ ಎದ್ದು ನಿಲ್ಲುತ್ತದೆ. ಮೊದಲನೆಯದರ ಅಂಕಿ ಬರೆದುಕೊಂಡು ಉಳಿದವನ್ನು ಅದರಿಂದ ಭಾಗಿಸಿ. ಧೀಂ ಬಾರಿಸಿದಾಗ ಯಾವುದು ಎತ್ತರ, ನಂ ಬಾರಿಸಿದಾಗ ಯಾವುದು ಎತ್ತರ ನೋಡಿ, ಬೇರೆ ಬೇರೆ ಇರುತ್ತದೆ. ಆಮೇಲೆ ಡೊಳ್ಳು ತನ್ನಿ. ನಮ್ಮ ಕಡೆ ಡೊಳ್ಳಿಗೆ ಬರವಿಲ್ಲ, ಶಾಲೆಯಲ್ಲೇ ಡೊಳ್ಳಿನ ತಂಡ ಇದೆ. ಡೊಳ್ಳಿಗೆ ನಡುವೆ ಕರಣೆ ಇಲ್ಲ, ಹಾಗಾಗಿ ಗ್ರಾಫ್ ನೋಡಿದರೆ ಆ ಸಾಲು ಇಲ್ಲ, ಎಲ್ಲ ಒಂದರ ಮೇಲೊಂದು ಬಿದ್ದಿರುತ್ತದೆ. ಡೊಳ್ಳಿನ ಹುಡುಗರು ಮೊದಲು ಬೇಜಾರು ಮಾಡಿಕೊಂಡರು, "ನಮ್ದು ಸರಿ ಇಲ್ವಾ ಸಾರ್?" ಅಂತ. ಸರಿ ಇಲ್ಲ ಅಂತಲ್ಲ ಕಣ್ರೋ, ಬೀದಿ ತುಂಬ ಕೇಳಿಸಬೇಕಾದ ವಾದ್ಯಕ್ಕೂ ಹಾಡಿನ ಜೊತೆ ಕೂರಬೇಕಾದ ವಾದ್ಯಕ್ಕೂ ಕೆಲಸವೇ ಬೇರೆ. ಗಣಿತದಲ್ಲಿ ಹಿಂದೆ ಬೀಳುವ ಒಬ್ಬ ಹುಡುಗ ಅವತ್ತು ಭಾಗಾಕಾರ ಮಾಡುತ್ತಾ ಕೂತಿದ್ದ, ಯಾಕೆಂದರೆ ಅದು ಅವನ ವಾದ್ಯದ ಅಂಕಿ.

ರಾಮನ್ ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ ಅದು ಹೇಗೆ ಸಾಲುಗಟ್ಟುತ್ತದೆ ಅಂತ ನೋಡುತ್ತಿದ್ದರು. ನಾವು ರವೆ ಬಳಸಬಹುದು. ಅಗಲ ಬಾಯಿಯ ಪಾತ್ರೆಗೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟಿ, ಮೇಲೆ ಸ್ವಲ್ಪ ಚಿರೋಟಿ ರವೆ ಉದುರಿಸಿ, ಪಕ್ಕದಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು ಇದೇ ಆಪ್‌ನ ಟೋನ್ ಜನರೇಟರ್‌ನಿಂದ ಸ್ವರ ಹಾಕಿ. ಆವೃತ್ತಿ ನಿಧಾನವಾಗಿ ಏರಿಸುತ್ತಾ ಹೋದರೆ ಯಾವುದೋ ಒಂದು ಜಾಗದಲ್ಲಿ ರವೆ ಎದ್ದು ಕುಣಿಯುತ್ತದೆ. ಫೋನಿನ ಸ್ಪೀಕರ್ ಸಾಲದು, ಅದನ್ನು ಮೊದಲೇ ಹೇಳಿರುತ್ತೇನೆ. ಚಿತ್ರ ಬರೆಯುವ ಮಕ್ಕಳಿಗೆ ರವೆ ಸಾಲುಗಳ ಚಿತ್ರ ಬರೆಯೋಕೆ ಬಿಡಿ. ಅವರೇ ಬಂದು ಕೇಳುತ್ತಾರೆ, ಹಾಳೆ ಇನ್ನೂ ಬಿಗಿ ಮಾಡಿದರೆ ಚಿತ್ರ ಬದಲಾಗುತ್ತದಾ ಅಂತ.

ಇನ್ನೊಂದು, ಖರ್ಚೇ ಇಲ್ಲದ್ದು. ಒಂದೇ ಥರದ ಗಾಜಿನ ಬಾಟಲಿಗಳಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ. ಚಮಚದಿಂದ ತಟ್ಟಿ, ಆವೃತ್ತಿ ಬರೆದುಕೊಳ್ಳಿ. ಆಮೇಲೆ ಅದೇ ಬಾಟಲಿಗಳ ಬಾಯಿಗೆ ಅಡ್ಡಲಾಗಿ ಊದಿ, ಮತ್ತೆ ಬರೆದುಕೊಳ್ಳಿ. ತಟ್ಟಿದಾಗ ನೀರು ಜಾಸ್ತಿ ಇರುವ ಬಾಟಲಿಯ ಸ್ವರ ಕೆಳಗೆ. ಊದಿದಾಗ ಅದೇ ಬಾಟಲಿಯ ಸ್ವರ ಎಲ್ಲಕ್ಕಿಂತ ಮೇಲೆ! ಪೂರ್ತಿ ಉಲ್ಟಾ. ಮೊದಲನೆಯದರಲ್ಲಿ ನಡುಗೋದು ಗಾಜು ಮತ್ತು ನೀರು, ನೀರಿನ ಭಾರ ಹೆಚ್ಚಾದಷ್ಟೂ ನಿಧಾನ. ಎರಡನೆಯದರಲ್ಲಿ ನಡುಗೋದು ಒಳಗಿನ ಗಾಳಿ, ಗಾಳಿಗೆ ಜಾಗ ಕಡಿಮೆ ಆದಷ್ಟೂ ಬೇಗ. ಉತ್ತರ ನೀವು ಹೇಳಬೇಡಿ. ಒಂದು ದಿನ ಬಿಡಿ. ಮನೆಯಲ್ಲಿ ಅಡುಗೆಮನೆ ಪಾತ್ರೆ ಎಲ್ಲ ತಟ್ಟಿ ನೋಡಿ, ಅಮ್ಮನ ಕೈಲಿ ಬೈಸಿಕೊಂಡು ಬರುತ್ತಾರೆ.

ಶಬ್ದದ ವೇಗ ಅಳೆಯುವ ಪ್ರಯೋಗ ಮಾತ್ರ ಸ್ವಲ್ಪ ತಾಳ್ಮೆ ಕೇಳುತ್ತದೆ. ಎರಡು ಫೋನ್ ಬೇಕು, ಎರಡರಲ್ಲೂ ಶಬ್ದಕ್ಕೆ ಓಡುವ ಸ್ಟಾಪ್‌ವಾಚ್ ತೆರೆಯಬೇಕು. ಒಂದು ಚಪ್ಪಾಳೆಗೆ ಶುರುವಾಗಿ, ಮುಂದಿನ ಚಪ್ಪಾಳೆಗೆ ನಿಲ್ಲುತ್ತದೆ. ಹತ್ತು ಮೀಟರ್ ದೂರದಲ್ಲಿ ಒಂದೊಂದು ಫೋನ್ ಇಟ್ಟು, ಮೊದಲ ಫೋನ್ ಹತ್ತಿರ ಒಬ್ಬ ಚಪ್ಪಾಳೆ ಹೊಡೆಯಬೇಕು, ಆಮೇಲೆ ಎರಡನೆಯ ಫೋನ್ ಹತ್ತಿರ ಇನ್ನೊಬ್ಬ. ಹತ್ತಿರದ ಫೋನಿಗೆ ಚಪ್ಪಾಳೆ ತಕ್ಷಣ ಕೇಳುತ್ತದೆ, ದೂರದ್ದಕ್ಕೆ ತಡವಾಗಿ. ಹಾಗಾಗಿ ಎರಡೂ ಫೋನಿನ ಸಮಯದಲ್ಲಿ ಒಂದು ಚೂರು ವ್ಯತ್ಯಾಸ ಬರುತ್ತದೆ, ಎರಡು ಚಪ್ಪಾಳೆಯ ತಡವೂ ಸೇರುವುದರಿಂದ ಅದು ಶಬ್ದ ಇಪ್ಪತ್ತು ಮೀಟರ್ ಹೋಗೋಕೆ ತೆಗೆದುಕೊಂಡ ಸಮಯ. ಸೆಕೆಂಡಿನ ನೂರರಲ್ಲಿ ಆರು ಪಾಲಿಗಿಂತ ಚೂರು ಕಡಿಮೆ, 0.058 ಹತ್ತಿರ ಬರಬೇಕು. ಇದರ ಚಂದ ನೋಡಿ, ಎರಡು ಫೋನಿನ ಗಡಿಯಾರ ಒಂದೇ ಸಮಯ ತೋರಿಸಬೇಕು ಅನ್ನೋ ಗೋಜೇ ಇಲ್ಲ. ಆದರೆ ಶಬ್ದ ಎಷ್ಟು ಜೋರಿದ್ದರೆ ಸ್ಟಾಪ್‌ವಾಚ್ ಓಡಬೇಕು ಅನ್ನೋ ಮಿತಿಯನ್ನು ನಾವೇ ಹಾಕಬೇಕು, ಇಲ್ಲದಿದ್ದರೆ ಪಕ್ಕದ ಕ್ಲಾಸಿನ ಗಲಾಟೆಗೆ, ಕಾಗೆ ಕೂಗಿಗೆ ಎಲ್ಲದಕ್ಕೂ ಓಡಿಬಿಡುತ್ತದೆ. ಮೈದಾನ ಖಾಲಿ ಇರುವ ಹೊತ್ತು ನೋಡಿ ಮಾಡಿ. ಸೋನಾರ್ ಅಂತ ಇನ್ನೊಂದು ಪ್ರಯೋಗ ಇದೆ, ಪ್ರತಿಧ್ವನಿಯಿಂದ ಗೋಡೆಯ ದೂರ ಹೇಳುವುದು. ನಮ್ಮ ಕೋಣೆಯಲ್ಲಿ ಸರಿ ಬರಲಿಲ್ಲ, ಬೆಂಚು, ಗೋಡೆ, ಹಂಚು ಎಲ್ಲದರಿಂದ ಪ್ರತಿಧ್ವನಿ ಬಂದು ಗೋಜಲು. ಅದನ್ನು ಬಿಟ್ಟುಬಿಡಿ.

ಸೈಕಲ್ ಇದ್ದರೆ ಡಾಪ್ಲರ್ ಪರಿಣಾಮ, ಅಂದರೆ ಶಬ್ದ ಮಾಡುವ ವಸ್ತು ಹತ್ತಿರ ಬರುವಾಗ ಸ್ವರ ಏರಿ ದೂರ ಹೋಗುವಾಗ ಇಳಿಯುವುದು, ಅದನ್ನೂ ನೋಡಬಹುದು. ಒಂದು ಫೋನ್ 1000 ಹರ್ಟ್ಸ್ ಸ್ವರ ಹೊರಡಿಸುತ್ತಾ ಸೈಕಲ್ ಮೇಲೆ ಹೋಗಲಿ, ಇನ್ನೊಂದು ರಸ್ತೆ ಬದಿಯಲ್ಲಿ ಕೇಳಲಿ. ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಹತ್ತಿರ ಬರುವಾಗ 1012, ದಾಟಿ ಹೋದ ಮೇಲೆ 988. ಕಿವಿಗೆ ಅಷ್ಟೇನೂ ಗೊತ್ತಾಗದ್ದು ಫೋನಿಗೆ ಗೊತ್ತಾಗುತ್ತದೆ.

ನಮ್ಮ ಮಕ್ಕಳಿಗೆ ಅತಿ ಇಷ್ಟವಾದ ಆಟ ಆಪ್ ಹೇಳಿಕೊಟ್ಟದ್ದಲ್ಲ, ನಾವೇ ಕಟ್ಟಿಕೊಂಡದ್ದು. ಒಂದು ಗುಂಪು ಹೊರಗೆ ಹೋಗಿ ಫೋನನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡು ಏನೋ ಒಂದು ಮಾಡಿ ಬರಬೇಕು: ಮೆಟ್ಟಿಲು ಹತ್ತುವುದು, ಕುಂಟಾಬಿಲ್ಲೆ, ಬಸ್ಕಿ, ಜಿಗಿತ, ಏನಾದರೂ. ವೇಗೋತ್ಕರ್ಷದ ಗ್ರಾಫ್ ಮಾತ್ರ ಕ್ಲಾಸಿಗೆ ತೋರಿಸಬೇಕು. ಉಳಿದವರು ಅದು ಏನು ಅಂತ ಹೇಳಬೇಕು, ಯಾಕೆ ಅಂತಲೂ ಹೇಳಬೇಕು. ಕನ್ನಡ ಮೇಷ್ಟ್ರನ್ನೂ ಎಳೆದುಕೊಂಡು ಬಂದು, ಒಂದು ಗ್ರಾಫ್ ಕೊಟ್ಟು ಅದಕ್ಕೊಂದು ಕಥೆ ಬರೆಯಿರಿ ಅಂದದ್ದೂ ಉಂಟು. ಜಿಗಿತದ ಗ್ರಾಫ್ ಬೇಗ ಸಿಕ್ಕಿಬೀಳುತ್ತದೆ. ಕಾಲು ನೆಲ ಬಿಟ್ಟ ಕೂಡಲೇ ಗೆರೆ ಸೊನ್ನೆಯ ಹತ್ತಿರ ಬೀಳುತ್ತದೆ, ನೆಲ ಮುಟ್ಟಿದಾಗ ಮೇಲಕ್ಕೆ ಹಾರುತ್ತದೆ. ಗಾಳಿಯಲ್ಲಿ ಅರ್ಧ ಸೆಕೆಂಡ್ ಇದ್ದರೆ ಸುಮಾರು 30 ಸೆಂಟಿಮೀಟರ್ ಜಿಗಿದ ಹಾಗೆ. ಲೆಕ್ಕ ಒಂಬತ್ತನೇ ಕ್ಲಾಸಿನದೇ. ವಾಲಿಬಾಲ್ ಆಡುವ ಹುಡುಗಿಯರು ಇದನ್ನು ಹಿಡಿದುಕೊಂಡು ಪೀಟಿ ಮೇಷ್ಟ್ರ ಪೀರಿಯಡ್ ಎಲ್ಲ ಖಾಲಿ ಮಾಡಿದರು.

ಮೇಲಿಂದ ಬೀಳುವ ವಸ್ತುವಿಗೆ ಭಾರ ಇರುವುದಿಲ್ಲ ಅನ್ನೋದು ಬಾಯಲ್ಲಿ ಹೇಳಿದರೆ ಯಾರೂ ನಂಬೋದಿಲ್ಲ. ಫೋನನ್ನು ಎದೆ ಎತ್ತರದಿಂದ ದಪ್ಪ ಹಾಸಿಗೆ ಮೇಲೆ ಬೀಳಿಸಿ, ಗ್ರಾಫ್ ತೋರಿಸಿ. ಹಾಸಿಗೆ ಎರಡು ಇರಲಿ. ಹೆಂಡತಿಯ ಫೋನ್ ಬಳಸಬೇಡಿ.

ಆಗುಂಬೆ ವಿಷಯಕ್ಕೆ ಬರುತ್ತೇನೆ. ನಮ್ಮ ಸಹೋದ್ಯೋಗಿಯೊಬ್ಬರ ಫೋನಿನಲ್ಲಿ ಬ್ಯಾರೋಮೀಟರ್ ಇದೆ. ಗಾಳಿಯ ಒತ್ತಡ ಅಳೆಯುವ ಈ ಸೆನ್ಸರ್ ಎಷ್ಟು ಸೂಕ್ಷ್ಮ ಅಂದರೆ, ಒಂದು ಮಹಡಿ ಮೆಟ್ಟಿಲು ಹತ್ತಿದರೂ ಗೆರೆ ಇಳಿದದ್ದು ಕಾಣುತ್ತದೆ. ಪ್ರವಾಸದಲ್ಲಿ ಉಡುಪಿ ಕಡೆ ಘಾಟಿ ಇಳಿಯುವಾಗ ಅದನ್ನು ಹಚ್ಚಿಟ್ಟೆವು. ಮೇಲೆ 940 ಮಿಲಿಬಾರ್ ಆಸುಪಾಸು, ಕೆಳಗೆ ಸೋಮೇಶ್ವರದಲ್ಲಿ ಸಾವಿರದ ಹತ್ತಿರ. ಒಂದು ಮಿಲಿಬಾರ್‌ಗೆ ಎಂಟೊಂಬತ್ತು ಮೀಟರ್ ಅಂತ ಹಿಡಿದರೆ ಐನೂರು ಮೀಟರ್ ಮೇಲೆ ಇಳಿದ ಲೆಕ್ಕ. ಮಕ್ಕಳ ಕಿವಿ ಕಟ್ಟಿದ್ದು, ತಂದಿದ್ದ ಚಿಪ್ಸ್ ಪೊಟ್ಟಣ ಇಳಿಯುವಾಗ ಸುಕ್ಕಾಗಿ, ವಾಪಸ್ ಹತ್ತುವಾಗ ಉಬ್ಬಿದ್ದು, ಈ ಗೆರೆ, ಮೂರೂ ಒಂದೇ ಮಾತು ಹೇಳುತ್ತಿವೆ ಅಂತ ಬಸ್ಸಿನಲ್ಲೇ ಗೊತ್ತಾಯಿತು. ನನ್ನ ಫೋನಲ್ಲಿ ಜೈರೋಸ್ಕೋಪ್, ಅಂದರೆ ಫೋನ್ ಎಷ್ಟು ಬೇಗ ತಿರುಗುತ್ತಿದೆ ಅಂತ ಅಳೆಯುವ ಸೆನ್ಸರ್, ಹಚ್ಚಿದ್ದೆವು, ಪ್ರತಿ ತಿರುವಿಗೂ ಒಂದು ಗುಡ್ಡೆ ಎದ್ದಿತ್ತು, ಎಡ ತಿರುವು ಮೇಲಕ್ಕೆ, ಬಲ ತಿರುವು ಕೆಳಕ್ಕೆ. ಕಿಟಕಿ ಆಚೆ ನೋಡದೆ ಬರಿ ಗ್ರಾಫ್ ನೋಡಿ ತಿರುವು ಎಣಿಸುವ ಪಂದ್ಯ ನಡೆಯಿತು. ವಾಂತಿ ಬರುವವರನ್ನು ಈ ಪಂದ್ಯಕ್ಕೆ ಸೇರಿಸಬೇಡಿ.

ಬ್ಯಾರೋಮೀಟರ್ ಇರುವ ಫೋನನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಮೇಜಿನ ಮೇಲೆ ಇಟ್ಟು ಆಗಾಗ ಅಂಕಿ ಬರೆಸಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಒತ್ತಡ ಮೇಲೆ, ಸಂಜೆ ನಾಲ್ಕರ ಸುಮಾರಿಗೆ ಕೆಳಗೆ. ಮಳೆ ಗಾಳಿ ಇಲ್ಲದ ದಿನವೂ ಹೀಗೆಯೇ. ಬಿಸಿಲಿಗೆ ಇಡೀ ವಾತಾವರಣವೇ ದಿನಕ್ಕೆ ಎರಡು ಸಲ ಉಸಿರಾಡುತ್ತದೆ, ನಮ್ಮಂಥ ಉಷ್ಣವಲಯದ ಊರುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಮೂರು ನಾಲ್ಕು ಮಿಲಿಬಾರ್ ವ್ಯತ್ಯಾಸ, ಅಂದರೆ ಇದನ್ನು ಮರೆತು ಬೆಳಿಗ್ಗೆಯ ಅಂಕಿಗೂ ಸಂಜೆಯ ಅಂಕಿಗೂ ಹೋಲಿಸಿ ಎತ್ತರ ಲೆಕ್ಕ ಹಾಕಿದರೆ ನಿಮ್ಮ ಶಾಲೆ ಮೂವತ್ತು ಮೀಟರ್ ಮೇಲೆ ಹೋಗಿರುತ್ತದೆ.

ಈಗ ಆ ಕಡಿಮೆ ಆದ ಸ್ಟಾರ್.

ದೊಡ್ಡ ತೊಂದರೆ ಸೆನ್ಸರ್‌ನದು. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಜೈರೋಸ್ಕೋಪ್ ಇರುವುದಿಲ್ಲ, ಬ್ಯಾರೋಮೀಟರ್ ಅಂತೂ ಬಿಡಿ. ಜೈರೋಸ್ಕೋಪ್ ಇಲ್ಲದಿದ್ದರೆ ಲೋಲಕದ ಪ್ರಯೋಗ ಇಲ್ಲ. ಆಪ್ ತೆರೆದರೆ ಅರ್ಧ ಪಟ್ಟಿ ಮಸುಕಾಗಿ ಕೂತಿರುತ್ತದೆ, ಒತ್ತಿದರೆ ನಿಮ್ಮ ಫೋನಲ್ಲಿ ಈ ಸೆನ್ಸರ್ ಇಲ್ಲ ಅನ್ನುತ್ತದೆ. ಇದು ಆಪ್ ಮಾಡಿದವರ ತಪ್ಪಲ್ಲ, ಗೊತ್ತು. ಆದರೆ ಹಳ್ಳಿಯ ಮನೆಗಳಲ್ಲಿ ಇರುವುದು ಅಂಥ ಫೋನುಗಳೇ. ಎಲ್ಲರ ಕಿಸೆಯಲ್ಲೂ ಒಂದು ಲ್ಯಾಬ್ ಇದೆ ಅಂತ ಊರೆಲ್ಲ ಹೇಳುವವರು ಇದನ್ನೂ ಸೇರಿಸಿ ಹೇಳಬೇಕು. ಐಫೋನ್ ಇದ್ದವರು ಬೀಗಬೇಡಿ, ಅದರಲ್ಲಿ ಬೆಳಕಿನ ಸೆನ್ಸರ್ ಅನ್ನು ಬೇರೆ ಆಪ್‌ಗಳಿಗೆ ಬಳಸೋಕೆ ಬಿಡೋದಿಲ್ಲ, ಆ ಪ್ರಯೋಗ ನಿಮಗಿಲ್ಲ.

ಎರಡನೆಯದು ಗ್ರಾಫಿನದು, ಇದು ಮಕ್ಕಳನ್ನು ನಿಜಕ್ಕೂ ದಾರಿ ತಪ್ಪಿಸುತ್ತದೆ. ಅಂಕಿ ಎಷ್ಟೇ ಸಣ್ಣದಿರಲಿ, ಆಪ್ ಅದನ್ನು ಎಳೆದು ಸ್ಕ್ರೀನ್ ತುಂಬುವ ಹಾಗೆ ತೋರಿಸುತ್ತದೆ. ಮೇಜಿನ ಮೇಲೆ ಸುಮ್ಮನೆ ಮಲಗಿದ ಫೋನ್ ಕೂಡ ಭೂಕಂಪದ ಹಾಗೆ ಗೆರೆ ಎಳೆಯುತ್ತದೆ. ಪಕ್ಕದ ಅಂಕಿ ನೋಡಿದರೆ 0.01, 0.02. ಅಂಕಿ ನೋಡೋದು ಹೇಳಿಕೊಡದಿದ್ದರೆ ಮಕ್ಕಳು ಏನೋ ಕಂಡುಹಿಡಿದೆವು ಅಂತ ಕುಣಿಯುತ್ತಾರೆ. ಹಾಗಂತ ಇದನ್ನೇ ಒಂದು ಪಾಠ ಮಾಡಬಹುದು, ಟೀವಿಯಲ್ಲಿ ತೋರಿಸುವ ಗ್ರಾಫ್ ನೋಡುವಾಗಲೂ ಕೆಲಸಕ್ಕೆ ಬರುತ್ತದೆ.

ಮೂರನೆಯದು ಭಾಷೆ. ನನ್ನ ಫೋನಿನಲ್ಲಿ ತೆರೆದದ್ದು ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂ ಮಕ್ಕಳಿಗೆ ಪ್ರಯೋಗದ ಹೆಸರುಗಳನ್ನೆಲ್ಲ ಒಂದು ದೊಡ್ಡ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೆ, ಬರೆದದ್ದು ಹತ್ತನೇ ಕ್ಲಾಸಿನವರು. ಅದು ಸಾಕು, ಬಟನ್‌ಗಳು ಕಡಿಮೆ, ಬೇಗ ಕಲಿಯುತ್ತಾರೆ. ಪ್ರತಿ ಪ್ರಯೋಗದ ಹಿಂದಿನ ವಿವರಣೆ ಮಾತ್ರ ನೀವೇ ಹೇಳಬೇಕು.

ಮ್ಯೂಸಿಯಂಗೆ ಕರೆದುಕೊಂಡು ಹೋದರೆ ಸಾಲದಾ ಅಂತ ಕೇಳುವವರಿದ್ದಾರೆ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ, ಮಂಗಳೂರಿನ ಪಿಲಿಕುಳ ಎರಡೂ ನನಗೆ ಇಷ್ಟ, ಹೋಗಲೇಬೇಕು. ಆದರೆ ಅಲ್ಲಿ ಪ್ರಶ್ನೆ ಅವರದು, ಉತ್ತರವೂ ಅವರದು, ನಮ್ಮದು ಬಟನ್ ಒತ್ತುವ ಕೆಲಸ. ಹಿಂದೆ ನೂರು ಜನ ಕಾಯುತ್ತಿರುತ್ತಾರೆ. ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಕಂಪ್ಯೂಟರ್ ಪರದೆಯ ಮೇಲೇ ಮಾಡುವ ಪ್ರಯೋಗಗಳು ಕೂಡ ಬಹಳ ಚೆನ್ನಾಗಿವೆ, ಪರಮಾಣು, ವಿದ್ಯುತ್ ಮಂಡಲ ಇಂಥ ಪಾಠಕ್ಕೆ ಅವೇ ಸರಿ. ಅಲ್ಲಿ ಲೋಲಕ ಯಾವಾಗಲೂ ಸರಿಯಾದ ಉತ್ತರ ಕೊಡುತ್ತದೆ, ಇಲ್ಲಿ ಕೊಡೋದಿಲ್ಲ. ಆ ಕೊಡದಿರುವುದೇ ನನಗೆ ಬೇಕಾದದ್ದು.

ಸಿಲೆಬಸ್ ಮುಗಿಯಬೇಕು, ಪರೀಕ್ಷೆ ಇದೆ, ಇದಕ್ಕೆಲ್ಲ ಎಲ್ಲಿ ಟೈಮು ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಬಂದೇ ಬರುತ್ತದೆ. ನಿಜ. ಎಲ್ಲ ಪಾಠಕ್ಕೂ ಮಾಡೋಕೆ ಆಗೋದಿಲ್ಲ. ನಾನು ಶಬ್ದ ಮತ್ತು ಗುರುತ್ವ, ಎರಡು ಪಾಠಕ್ಕೆ ಇದನ್ನು ಕಟ್ಟಿಹಾಕಿಕೊಂಡಿದ್ದೇನೆ, ಉಳಿದದ್ದು ಶನಿವಾರ. ಮಕ್ಕಳು ಶಾಲೆಗೆ ಫೋನ್ ತರುವಂತಿಲ್ಲ, ಹಾಗಾಗಿ ನಮ್ಮ ನಮ್ಮ ಫೋನುಗಳೇ. ಒಂದೇ ಫೋನ್ ಇದ್ದರೂ ತಲೆ ಕೆಡಿಸಿಕೊಳ್ಳಬೇಡಿ. ರಿಮೋಟ್ ಆಕ್ಸೆಸ್ ಅಂತ ಮೆನುವಿನಲ್ಲಿ ಇದೆ, ಅದನ್ನು ಒತ್ತಿದರೆ ಒಂದು ವಿಳಾಸ ಬರುತ್ತದೆ, ಅದೇ ಹಾಟ್‌ಸ್ಪಾಟ್‌ಗೆ ಸೇರಿದ ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ಹಾಕಿದರೆ ಫೋನಿನ ಗ್ರಾಫ್ ದೊಡ್ಡದಾಗಿ ಅಲ್ಲೇ ಬರುತ್ತದೆ. ಇಂಟರ್ನೆಟ್ ಬೇಡ. ನಮ್ಮ ಕಡೆ ನೆಟ್‌ವರ್ಕ್ ಇರುವುದು ನೀರಿನ ಟ್ಯಾಂಕ್ ಹತ್ತಿರ ಮಾತ್ರ, ಆದರೂ ಇದು ನಡೆಯುತ್ತದೆ.

ಕೊನೆಗೆ ಒಂದಿಷ್ಟು ಸಣ್ಣ ವಿಷಯಗಳು. ಉಯ್ಯಾಲೆ, ಜಿಗಿತ ಇಂಥದ್ದಕ್ಕೆ ಟೈಮ್ಡ್ ರನ್ ಹಾಕಿ, ಇಷ್ಟು ಸೆಕೆಂಡ್ ಬಿಟ್ಟು ಶುರುವಾಗಿ ಇಷ್ಟು ಹೊತ್ತು ಓಡಲಿ ಅಂತ, ಇಲ್ಲದಿದ್ದರೆ ಗ್ರಾಫ್ ತುಂಬ ಫೋನ್ ಜೇಬಿಗೆ ಹಾಕಿದ, ತೆಗೆದ ಗಲಿಬಿಲಿಯೇ ಇರುತ್ತದೆ. ಸ್ಪೆಕ್ಟ್ರಮ್‌ನಲ್ಲಿ ಗುಡ್ಡೆಗಳು ಮೊಂಡಾಗಿ ಕಂಡರೆ ಸೆಟ್ಟಿಂಗ್‌ನಲ್ಲಿ ಸ್ಯಾಂಪಲ್ ಸಂಖ್ಯೆ ಜಾಸ್ತಿ ಮಾಡಿ, ಸ್ವಲ್ಪ ನಿಧಾನ ಆಗುತ್ತದೆ ಆದರೆ ಚೂಪಾಗುತ್ತದೆ. ಅಯಸ್ಕಾಂತದ ಪ್ರಯೋಗಕ್ಕೆ ಫೋನಿನ ಕವರ್ ತೆಗೆಯಿರಿ, ಎಷ್ಟೋ ಕವರ್‌ಗಳಲ್ಲಿ ಮುಚ್ಚಳ ಹಿಡಿಯೋಕೆ ಅಯಸ್ಕಾಂತ ಇರುತ್ತದೆ. ಭೂಮಿಯ ಕಾಂತಕ್ಷೇತ್ರ ನಮ್ಮಲ್ಲಿ ಬರಿ 40 ಮೈಕ್ರೋಟೆಸ್ಲಾ ಸುಮಾರು, ಕವರ್ ಅದನ್ನು ನುಂಗಿಹಾಕುತ್ತದೆ. ಹೊಸ ಫೋನ್ ಕೊಳ್ಳುವ ಯೋಚನೆ ಇದ್ದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಮಾತ್ರ ಕೇಳಬೇಡಿ, ಸೆನ್ಸರ್ ಪಟ್ಟಿಯಲ್ಲಿ ಜೈರೋಸ್ಕೋಪ್, ಬ್ಯಾರೋಮೀಟರ್ ಇದೆಯಾ ಅಂತಲೂ ನೋಡಿ. ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಡೆಮೋ ಫೋನಿಗೆ ಈ ಆಪ್ ಹಾಕಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ.